ಇರುವೆ ಸೈಜಿನ ಹೆಸರು

ಮೊನ್ನೆ ಭಾನುವಾರ ತಂಗಿ ಒಂದು ಪುಸ್ತಕ ತಂದು ಅಪ್ಪನ ಕೈಗಿಟ್ಟಳು. ಬೆಂಗಳೂರಿನ ಒಂದು ಆರ್ಟ್ ಗ್ಯಾಲರಿಯ ಚಿತ್ರಪ್ರದರ್ಶನದ ಕೆಟಲಾಗು. ಮೂರು ತಿಂಗಳು ನಿದ್ದೆಗೆಟ್ಟು ಅವಳೇ ಡಿಸೈನ್ ಮಾಡಿದ್ದು. ಅಪ್ಪ ಪುಟ ತಿರುಗಿಸಿ ತಿರುಗಿಸಿ, "ನಿನ್ನ ಹೆಸರೆಲ್ಲಮ್ಮಾ?" ಅಂದ್ರು. ಕೊನೇ ಪುಟದಲ್ಲಿ, ಪ್ರೆಸ್ಸಿನ ವಿಳಾಸದ ಪಕ್ಕ, ಇರುವೆ ಸೈಜಿನಲ್ಲಿತ್ತು.

ನಾನಾದ್ರೂ ಸುಮ್ಮನಿರಬಾರದಾ? "ಚಿತ್ರ ಬರೆಯೋರು ಯಾರೋ, ಮಾರೋರು ಯಾರೋ, ಮಧ್ಯೆ ನೀನ್ಯಾಕೆ ಕಷ್ಟಪಡ್ತೀಯ? ರೆಸ್ಯೂಮ್ ಕೊಡು, ನಮ್ಮ ಕಂಪ್ನೀಲಿ ಯುಐ ಡಿಸೈನರ್ ಬೇಕಂತೆ" ಅಂದುಬಿಟ್ಟೆ. ಅವಳು ಜಗಳ ಆಡಲಿಲ್ಲ. ಅದೇ ಚುಚ್ಚಿತು.

ರಾತ್ರಿ ಲ್ಯಾಪ್‌ಟಾಪ್ ತಂದು, "ಅಣ್ಣಾ, ಇದನ್ನ ನೋಡು" ಅಂತ ಒಂದು ಪೋಸ್ಟರ್ ತೋರಿಸಿದಳು.

ವಿಮ್ ಕ್ರೌವೆಲ್ ಅಂತ, ನೆದರ್ಲೆಂಡ್ಸಿನವರು (1928–2019). 1960ರ ದಶಕದಿಂದ 1985ರವರೆಗೆ ಆಮ್‌ಸ್ಟರ್‌ಡ್ಯಾಮಿನ ಸ್ಟೆಡೆಲಿಕ್ ಮ್ಯೂಸಿಯಂಗೆ ಪೋಸ್ಟರ್, ಕೆಟಲಾಗು ಮಾಡಿದವರು. ಎಲ್ಲವನ್ನೂ ಚೌಕಗಳ ಗ್ರಿಡ್ ಮೇಲೆ ಕೂರಿಸೋರು. 1968ರಲ್ಲಿ ಡಿಸೈನರುಗಳದ್ದೇ ಒಂದು ಪ್ರದರ್ಶನ ಆದಾಗ ಆ ಗ್ರಿಡ್ ಗೆರೆಗಳನ್ನು ಅಳಿಸದೇ ಹಾಗೇ ಪ್ರಿಂಟ್ ಮಾಡಿಸಿದ್ರಂತೆ. ಡೀಬಗ್ ಗೆರೆಗಳನ್ನ ಆಫ್ ಮಾಡದೇ ರಿಲೀಸ್ ಮಾಡಿದ ಹಾಗೆ! ನನಗೆ ಇಷ್ಟವಾಗಿಬಿಟ್ರು.

ಇನ್ನೊಂದು ಕಥೆ. ಆಗಿನ ಅಕ್ಷರ ಜೋಡಿಸುವ ಯಂತ್ರಗಳ ಪರದೆ ಮೇಲೆ ಬಾಗಿದ ಗೆರೆ ಸರಿಯಾಗಿ ಮೂಡ್ತಿರಲಿಲ್ಲ. ಈ ಪುಣ್ಯಾತ್ಮ 1967ರಲ್ಲಿ ಅಕ್ಷರಗಳನ್ನೇ ನೆಟ್ಟಗೆ ಮಾಡಿದರು, ಬರೀ ಅಡ್ಡ ಉದ್ದ ಗೆರೆ. ಓದೋದು ಕಷ್ಟ ಅನ್ನೋದು ಬೇರೆ ಮಾತು. ಸದ್ಯ, ಕನ್ನಡಕ್ಕೆ ಕೈ ಹಾಕಲಿಲ್ಲ :-)

ಡಿಸೈನರ್ ಆದವನು ಕೃತಿಗೂ ನೋಡುಗನಿಗೂ ಅಡ್ಡ ನಿಲ್ಲಬಾರದು ಅನ್ನೋದು ಅವರ ವಾದ. ಅದು ಆಗದ ಮಾತು, ಮಾಡಿದವನ ಕೈ ಕಂಡೇ ಕಾಣುತ್ತೆ ಅಂತ 1972ರಲ್ಲಿ ಯಾನ್ ವಾನ್ ಟೋರ್ನ್ ಅನ್ನೋ ಇನ್ನೊಬ್ಬ ಡಿಸೈನರ್ ಬಹಿರಂಗ ಚರ್ಚೆಗೇ ಇಳಿದಿದ್ರು.

ತಂಗಿ ಮಲಗಿದ ಮೇಲೆ ಅವಳ ಪುಸ್ತಕವನ್ನು ಮತ್ತೆ ತೆಗೆದೆ. ಕೆರೆಯ ಒಂದು ಉದ್ದನೆಯ ಚಿತ್ರ. ಪುಟದ ಮಡಿಕೆಯಲ್ಲಿ ಕೆರೆ ಎರಡು ಹೋಳಾಗಬಾರದು ಅಂತ ಹೊರಗೆ ಬಿಚ್ಚುವ ಪುಟ ಮಾಡಿಸಿದ್ದಾಳೆ. ಆ ಒಂದು ಪುಟದ ಖರ್ಚಿಗೆ ವಾರಗಟ್ಟಲೆ ಫೋನಿನಲ್ಲಿ ವಾದ ಮಾಡಿದ್ದು ನಾನೇ ಕೇಳಿಸಿಕೊಂಡಿದ್ದೆ. ಅವಳ ಹೆಸರು ಅಲ್ಲಿತ್ತು. ನಾನು ಕೊನೇ ಪುಟದಲ್ಲಿ ಹುಡುಕ್ತಿದ್ದೆ.

ನಾನು ಐದು ವರ್ಷದಿಂದ ಬರೆದ ಕೋಡಿನಲ್ಲಿ ನನ್ನ ಹೆಸರು ಹುಡುಕೋದು ಬಗ್ ಬಂದಾಗ ಮಾತ್ರ.

ಗ್ಯಾಲರಿಯವರು ಇನ್ನೂ ಅರ್ಧ ದುಡ್ಡು ಕೊಟ್ಟಿಲ್ಲ. ಅದಕ್ಕೆ ಕ್ರೌವೆಲ್ ಹತ್ತಿರವೂ ಉತ್ತರ ಇಲ್ಲ ಬಿಡಿ. ಆದ್ರೆ ರೆಸ್ಯೂಮ್ ಮಾತು ಮಾತ್ರ ನಾನು ಮತ್ತೆ ಎತ್ತಿಲ್ಲ.