ಟವಲಿನ ಕೆಳಗಿನ ಲೆಕ್ಕ

ಪೀಣ್ಯದ ಸುತ್ತಮುತ್ತ ಹಳೇ ಗಾಡಿ ಮಾರುವ ಯಾರ್ಡುಗಳಲ್ಲಿ ಒಂದು ಮಾತು ಓಡಾಡುತ್ತದೆ: ಕಾಲೋನಿ ಹುಡುಗರಿಗೆ ಚೌಕಾಸಿ ಬರಲ್ಲ, ಕಂತು ಎಷ್ಟು ಅಂತ ಕೇಳ್ತಾರೆ, ರೇಟು ಎಷ್ಟು ಅಂತ ಕೇಳಲ್ಲ. ಈ ಮಾತನ್ನು ನಾವು ಕಿವಿಯಾರೆ ಕೇಳಿದ್ದೇವೆ. ಸಿಟ್ಟು ಬಂತು. ಆಮೇಲೆ ಕೂತು ಯೋಚಿಸಿದರೆ ಮಾತು ಪೂರಾ ಸುಳ್ಳೇನೂ ಆಗಿರಲಿಲ್ಲ. ಯಾಕೆ ಬರಲ್ಲ ಎಂಬುದನ್ನು ಮಾತ್ರ ಆಡಿದವನು ಹೇಳದೆ ಬಿಟ್ಟಿದ್ದ.

'ಬೇಡ, ಇಕ್ಕಳಿ ನಿಮ್ಮ ಮಾಲು' ಅಂತ ಎದ್ದು ಹೋಗುವ ಶಕ್ತಿ ಇದ್ದವನ ಬಾಯಿಗೆ ಮಾತ್ರ ಚೌಕಾಸಿ ಬರುತ್ತದೆ. ನಮ್ಮಪ್ಪಂದಿರು ಯಾವತ್ತು ಎದ್ದು ಹೋಗಿದ್ದರು? ಕೂಲಿ ಎಷ್ಟು ಅನ್ನುವುದನ್ನು ಕಣದಲ್ಲಿ ನಿಂತು ಗೌಡ ಹೇಳುತ್ತಿದ್ದ. ಜೀತಕ್ಕೆ ಬಿಟ್ಟ ಮಗನ ಒಂದು ವರ್ಷಕ್ಕೆ ಎಷ್ಟು ಅನ್ನುವುದನ್ನೂ ಅವನೇ ಹೇಳುತ್ತಿದ್ದ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ಟವಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು ವ್ಯಾಪಾರ ಕುದುರಿಸುವುದನ್ನು ನಾವು ಹುಡುಗರಾಗಿದ್ದಾಗ ದೂರ ನಿಂತು ನೋಡಿದ್ದೇವೆ. ಆ ಟವಲಿನ ಕೆಳಕ್ಕೆ ನಮ್ಮವರ ಕೈ ಹೋಗುತ್ತಿರಲಿಲ್ಲ. ಎತ್ತು ಬದುಕಿರುವವರೆಗೆ ಗೌಡನದು, ಸತ್ತ ಮೇಲೆ ನಮ್ಮದು. ಸತ್ತ ಎತ್ತಿಗೆ ಯಾರು ರೇಟು ಕೇಳುತ್ತಾರೆ?

ಗಾಡಿಗೂ ನಮಗೂ ಇರುವ ಲೆಕ್ಕ ಬಹಳ ಹಳೆಯದು, ಗೆಳೆಯರೆ. 1901ರಲ್ಲಿ ಇನ್ನೂ ಹುಡುಗನಾಗಿದ್ದ ಅಂಬೇಡ್ಕರರು ಅಣ್ಣನ ಜೊತೆ, ಅಕ್ಕನ ಮಕ್ಕಳ ಜೊತೆ, ಕೋರೆಗಾಂವಿನಲ್ಲಿದ್ದ ತಂದೆಯ ಬಳಿ ಹೊರಟು ಮಸೂರ್ ಸ್ಟೇಷನ್ನಿನಲ್ಲಿ ಇಳಿದರು. ಜಾತಿ ಗೊತ್ತಾದ ಮೇಲೆ ಯಾವ ಎತ್ತಿನ ಗಾಡಿಯವನೂ ಬರಲೊಲ್ಲ. ಕೊನೆಗೆ ಒಬ್ಬ ಒಪ್ಪಿದ್ದು ಎರಡು ಪಟ್ಟು ಬಾಡಿಗೆಗೆ. ಅದೂ ಹುಡುಗರೇ ಗಾಡಿ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಷರತ್ತಿನ ಮೇಲೆ. ದುಡ್ಡು ಎರಡು ಪಟ್ಟು, ಕೆಲಸವೂ ಇವರದೇ. ಇದನ್ನು ಬಾಬಾಸಾಹೇಬರೇ ಬರೆದಿಟ್ಟಿದ್ದಾರೆ.

ಈಗ ಪೀಣ್ಯಕ್ಕೆ ಬರೋಣ. ಇಲ್ಲಿ ಮಾಲು ಒಂದು ಕಡೆ ನಿಲ್ಲುವುದಿಲ್ಲ. ಒಂದು ಶೆಡ್ಡಿನಲ್ಲಿ ಕತ್ತರಿಸಿದ ಕಬ್ಬಿಣ ಇನ್ನೊಂದು ಶೆಡ್ಡಿನ ಲೇತಿಗೆ ಹೋಗಬೇಕು, ಅಲ್ಲಿಂದ ಪ್ಲೇಟಿಂಗಿಗೆ, ಅಲ್ಲಿಂದ ಪೌಡರ್ ಕೋಟಿಂಗಿಗೆ. ಈ ಓಡಾಟ ಹೊರುವುದಕ್ಕೆ ಮೊದಲು ಮೂರು ಚಕ್ರದ ಟೆಂಪೋಗಳಿದ್ದವು, 2005ರಲ್ಲಿ ಟಾಟಾ ಏಸ್ ಬಂತು, ಈಗ ಬೊಲೆರೊ ಪಿಕಪ್ಪು, ದೋಸ್ತು. ನಮ್ಮ ಹುಡುಗರು ಈ ಗಾಡಿಗಳಿಗೆ ಮೊದಲು ಲೋಡ್ ಹತ್ತಿಸುವವರು, ಆಮೇಲೆ ಕ್ಲೀನರು, ಆಮೇಲೆ ಸಂಬಳದ ಡ್ರೈವರು. ಜಾಲಹಳ್ಳಿಯ ಎಚ್.ಎಂ.ಟಿ.ಯಂಥ ಸರ್ಕಾರಿ ಕಾರ್ಖಾನೆಗಳಲ್ಲಿ ಮೀಸಲಾತಿಯ ನಾಲ್ಕು ಕೆಲಸವಾದರೂ ಇದ್ದವು. ಪೀಣ್ಯದ ಶೆಡ್ಡುಗಳಲ್ಲಿ ಅದಿಲ್ಲ, ಕಂಟ್ರಾಕ್ಟಿನ ಕೂಲಿ. ಹಾಗಾಗಿ ಸ್ವಂತ ಹಳದಿ ಬೋರ್ಡಿನ ಗಾಡಿ ಎಂಬುದು ನಮ್ಮ ಕೇರಿಗಳಲ್ಲಿ ಈಗ ಜಮೀನಿನಷ್ಟೇ ದೊಡ್ಡ ಆಸೆ.

ಹೋದ ವರ್ಷದ ಕೊನೆಯಲ್ಲಿ ನಮ್ಮ ಹುಡುಗನೊಬ್ಬನಿಗೆ ಗಾಡಿ ನೋಡಲು ನಾವು ನಾಲ್ಕು ಜನ ಹೋದೆವು. ಅವನು, ಗ್ಯಾರೇಜಿನಲ್ಲಿ ಕೆಲಸ ಮಾಡುವ ಅವನ ಮಾವ, ಹೈಸ್ಕೂಲಿನ ಒಬ್ಬ ಮೇಷ್ಟ್ರು, ಸಂಘದಲ್ಲಿ ಅರ್ಜಿ ಬರೆಯುವ ಇನ್ನೊಬ್ಬರು. ಒಬ್ಬನೇ ಹೋದರೆ ದಲ್ಲಾಳಿ ಮಾತಾಡುತ್ತಾನೆ, ನಾಲ್ಕು ಜನ ಹೋದರೆ ನಾವೂ ಮಾತಾಡುತ್ತೇವೆ.

"ಸಾರ್, ಗಾಡಿ ಬೆಣ್ಣೆ ಇದ್ದಂಗೈತೆ ನೋಡಿ. 2018ರ ಪಿಕಪ್ಪು, ಸಿಂಗಲ್ ಓನರ್. ಇಂಜಿನ್ ಕೈ ಇಕ್ಕಿಲ್ಲ. ಪೇಪರ್ ಎಲ್ಲಾ ಕರೆಂಟು. ಐದು ಇಪ್ಪತ್ತು, ಫೈನಲ್ಲು."

ಮಾವ ಮಾತೇ ಆಡಲಿಲ್ಲ. ಬಾನೆಟ್ ಮೇಲೆ ಅಂಗೈ ಇಟ್ಟ. ಬಿಸಿ ಇತ್ತು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರು, ತಣ್ಣನೆ ಇಂಜಿನ್ನಿನ ರೋಗ ಕಾಣದಿರಲಿ ಅಂತ. "ಆರಲಿ ಬುಡಿ, ನಮಗೇನು ಅರ್ಜೆಂಟಿಲ್ಲ" ಅಂದು ಚಾಸಿಯ ಕೆಳಗೆ ಮಲಗಿದ. ಹಿಂದಿನ ಕಮಾನಿಗೆ ಒಂದು ಪ್ಲೇಟು ಹೆಚ್ಚಿಗೆ ಸೇರಿಸಿದ್ದರು, ಅಂದರೆ ಗಾಡಿ ಮಿತಿಮೀರಿ ಭಾರ ಹೊತ್ತಿದೆ. ಹೊಸ ಕಪ್ಪು ಬಣ್ಣದ ಕೆಳಗೆ ವೆಲ್ಡಿಂಗಿನ ಗೆರೆ ಕೈಗೆ ಸಿಕ್ಕಿತು. ಹಿಂದಿನ ಎರಡು ಟೈರು ಬಟನ್ ಹಾಕಿಸಿದ ಹಳೇ ಟೈರು. ಇಂಜಿನ್ ಆರಿದ ಮೇಲೆ ಮತ್ತೆ ಸ್ಟಾರ್ಟ್ ಮಾಡಿಸಿ ಆಯಿಲ್ ಮುಚ್ಚಳ ಬಿಚ್ಚಿದ. ಹೊಗೆ ಬುಸುಗುಟ್ಟಲಿಲ್ಲ, ರಿಂಗು ಪಿಸ್ಟನ್ನು ಗಟ್ಟಿ ಇತ್ತು. ಹಾಗಾಗಿ ನಾವು ಅಲ್ಲೇ ನಿಂತೆವು, ಇಲ್ಲದಿದ್ದರೆ ಮುಂದಿನ ಯಾರ್ಡಿಗೆ ಹೋಗುತ್ತಿದ್ದೆವು.

ಇತ್ತ ಮೇಷ್ಟ್ರು ಮೊಬೈಲಿನಲ್ಲಿ ಗಾಡಿ ನಂಬರು ಹಾಕಿ ಸರ್ಕಾರದ ದಾಖಲೆ ತೆಗೆದರು. 'ಎಲ್ಲಾ ಕರೆಂಟು' ಅಂದ ಪೇಪರಿನಲ್ಲಿ ಎಫ್.ಸಿ. ಇನ್ನೆರಡು ತಿಂಗಳಿಗೆ ಮುಗಿಯುತ್ತಿತ್ತು. ಟ್ರಾಫಿಕ್ ದಂಡ ಏಳು ಬಾಕಿ, 3,500 ರೂಪಾಯಿ. ಹಳೇ ಓನರಿನ ಸಾಲದ ನಮೂದು ಆರ್.ಸಿ.ಯಲ್ಲಿ ಹಾಗೇ ನಿಂತಿತ್ತು. ಮೇಷ್ಟ್ರು ಸ್ಕೂಲಿನ ನೋಟ್‌ಬುಕ್ಕಿನ ಹಾಳೆ ಹರಿದು ಒಂದೊಂದನ್ನೂ ಬರೆದರು: ಎರಡು ಟೈರು 14,000, ಎಫ್.ಸಿ. ಕೆಲಸ 15,000, ದಂಡ 3,500. ವೆಲ್ಡಿಂಗಿನ ಎದುರಿಗೆ ರೇಟು ಬರೆಯದೆ ಒಂದು ಗೆರೆ ಎಳೆದು ದಲ್ಲಾಳಿಯ ಮುಖ ನೋಡಿದರು. ಆಮೇಲೆ ಕೇಳಿದರು: "2025ರ ಸೆಪ್ಟೆಂಬರ್ 22ರಿಂದ ಹೊಸ ಗೂಡ್ಸ್ ಗಾಡಿ ಮೇಲಿನ ಜಿ.ಎಸ್.ಟಿ. 28ರಿಂದ 18ಕ್ಕೆ ಇಳೀತಲ್ಲ ಅಣ್ಣ. ಷೋರೂಮಿನಲ್ಲಿ 10 ಲಕ್ಷ ಇದ್ದದ್ದು 9 ಲಕ್ಷ 22 ಸಾವಿರದ ಹತ್ತಿರಕ್ಕೆ ಬಂದಿರಬೇಕು. ಹೊಸದು ಇಳಿದ ಮೇಲೆ ಹಳೇದು ಇಳೀಬಾರದಾ? ನಿಮ್ಮ ಬೋರ್ಡಿನ ರೇಟು ಬೇಸಿಗೇಲಿ ಬರೆದದ್ದು ಕಣಪ್ಪ."

ದಲ್ಲಾಳಿ ನಕ್ಕ. ಟೀ ತರಿಸಿದ. ಒಳಗೆ ಹೋಗಿ ಯಾರಿಗೋ ಫೋನು ಮಾಡಿದ. ನಾವು ಸುಮ್ಮನೆ ಕೂತೆವು. ಈ ಸುಮ್ಮನೆ ಕೂರುವುದು ನಮ್ಮವರಿಗೆ ಬಹಳ ಕಷ್ಟ. ಎದುರಿಗಿದ್ದವನು ಬೇಸರ ಮಾಡಿಕೊಂಡಾನು ಅಂತ ನಾವೇ ಬಾಯಿಬಿಟ್ಟು ದುಡ್ಡು ಏರಿಸುತ್ತೇವೆ, ತಲೆತಲಾಂತರದ ರೂಢಿ. ಅವತ್ತು ಯಾರೂ ಏರಿಸಲಿಲ್ಲ. 4,70,000ಕ್ಕೆ ನಿಂತಿತು. ದಂಡ ಕಟ್ಟುವುದು, ಸಾಲದ ನಮೂದು ತೆಗೆಸುವುದು ಮಾರುವವನ ಪಾಲಿಗೆ. ಐವತ್ತು ಸಾವಿರ ಇಳಿಸಿದೆವು ಅಂತ ಹುಡುಗನ ಮುಖ ಅರಳಿತು.

ವ್ಯಾಪಾರದ ನಿಜವಾದ ಭಾಗ ಶುರುವಾದದ್ದು ಆಮೇಲೆ. ಮುಂಗಡ 70 ಸಾವಿರ, ಉಳಿದ 4 ಲಕ್ಷ ಸಾಲ. ಸಾಲದ ಹುಡುಗ ಯಾರ್ಡಿನಲ್ಲೇ ಒಂದು ಮೇಜು ಹಾಕಿಕೊಂಡು ಕೂತಿದ್ದ. ಆಧಾರ್ ಕಾರ್ಡು ಕೊಟ್ಟೆವು. ವಿಳಾಸದಲ್ಲಿ ಅಂಬೇಡ್ಕರ್ ಕಾಲೋನಿ ಅಂತಿತ್ತು. ಅಲ್ಲಿಯವರೆಗೆ 'ಸಾರ್, ಕೂತ್ಕೊಳಿ' ಅನ್ನುತ್ತಿದ್ದವನು 'ಏನಪ್ಪ, ಸ್ವಂತ ಮನೆ ಐತಾ, ಜಾಮೀನಿಗೆ ಯಾರವ್ರೆ ನಿನಗೆ' ಅಂದ. ಒಂದು ಕಾಗದ ಕೈಗೆ ಬರುವಷ್ಟರಲ್ಲಿ 'ನೀವು' 'ನೀನು' ಆಯಿತು. "ನಿಮ್ಮ ಏರಿಯಾಕ್ಕೆ ಕಂಪನಿ ಕೊಡಲ್ಲ, ಆದ್ರೂ ನಾನು ಮಾಡಿಸ್ತೀನಿ. ಹತ್ತು ಪರ್ಸೆಂಟು ಅಷ್ಟೇ. ನಲವತ್ತೆಂಟು ಕಂತು, ತಿಂಗಳಿಗೆ 11,667." ಹುಡುಗ ಪೆನ್ನು ಹಿಡಿದಾಗಿತ್ತು. ಹತ್ತು ಪರ್ಸೆಂಟು ಅಂದರೆ ಯಾರಿಗೆ ತಾನೆ ಹೆಚ್ಚು ಅನ್ನಿಸುತ್ತದೆ?

ಮೇಷ್ಟ್ರು ಪೆನ್ನು ಇಸಿದುಕೊಂಡರು. ಅದೇ ಹಾಳೆಯ ಹಿಂಬದಿಯಲ್ಲಿ ಅವರು ಹಾಕಿದ ಲೆಕ್ಕವನ್ನು ಇಲ್ಲಿ ಪೂರ್ತಿ ಕೊಡುತ್ತಿದ್ದೇವೆ, ಓದುವ ಮೇಷ್ಟ್ರುಗಳು ತಮ್ಮ ಊರಿನ ಹುಡುಗರಿಗೆ ತೋರಿಸಲಿ. 4 ಲಕ್ಷಕ್ಕೆ ನೂರಕ್ಕೆ ಹತ್ತರಂತೆ ವರ್ಷಕ್ಕೆ 40 ಸಾವಿರ, ನಾಲ್ಕು ವರ್ಷಕ್ಕೆ 1,60,000. ಅಸಲು ಬಡ್ಡಿ ಸೇರಿ 5,60,000. ಅದನ್ನು 48ರಿಂದ ಭಾಗಿಸಿದರೆ 11,667. ಇದನ್ನು ಅವರು ಫ್ಲಾಟ್ ಬಡ್ಡಿ ಅನ್ನುತ್ತಾರೆ. ಆದರೆ ಪ್ರತಿ ತಿಂಗಳೂ ನಾವು ಅಸಲು ತೀರಿಸುತ್ತಾ ಬರುತ್ತೇವಲ್ಲ? ಕೊನೆಯ ತಿಂಗಳಲ್ಲಿ ಉಳಿದಿರುವ ಅಸಲು ಎಂಟು ಸಾವಿರ ಚಿಲ್ಲರೆ, ಬಡ್ಡಿ ಮಾತ್ರ ಅವತ್ತೂ 4 ಲಕ್ಷಕ್ಕೇ. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ಹತ್ತು ಪರ್ಸೆಂಟಿಗೆ ಕಂತು 10,145 ರೂಪಾಯಿ, ನಾಲ್ಕು ವರ್ಷದ ಬಡ್ಡಿ ಸುಮಾರು 87 ಸಾವಿರ. ಅವನು ಹೇಳಿದ ಹತ್ತು, ನಿಜದಲ್ಲಿ ಹದಿನೇಳೂವರೆ. ಅರ್ಧ ದಿನ ಚಾಸಿಯ ಕೆಳಗೆ ಮಲಗಿ 50 ಸಾವಿರ ಇಳಿಸಿದ್ದೆವು. ಮೇಜಿನ ಮುಂದೆ ಒಂದು ನಿಮಿಷದಲ್ಲಿ 73 ಸಾವಿರ ವಾಪಸು ಕೊಡುವುದರಲ್ಲಿದ್ದೆವು.

1901ರ ಗಾಡಿಯವನು ಬಾಯಿಬಿಟ್ಟು ಎರಡು ಪಟ್ಟು ಕೇಳಿದ. ಇವರು ಕೇಳುವುದಿಲ್ಲ, ಬರೆದುಕೊಳ್ಳುತ್ತಾರೆ.

"ಯಾಕಪ್ಪ, 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕು ರೂಲು ಮಾಡೈತಲ್ಲ, ಸಾಲದ ನಿಜವಾದ ವರ್ಷದ ಬಡ್ಡಿ, ಎಲ್ಲಾ ಖರ್ಚು ಸೇರಿಸಿ ಒಂದು ಹಾಳೇಲಿ ಬರೆದು ಕೊಡಬೇಕು ಅಂತ? ಅದೂ ಸಾಲಗಾರನಿಗೆ ಅರ್ಥವಾಗೋ ಭಾಷೇಲಿ. ಕನ್ನಡದಲ್ಲಿ ಕೊಡಿ, ಓದ್ತೀವಿ" ಅಂದರು ಮೇಷ್ಟ್ರು. ಸಾಲದ ಹುಡುಗ ತಬ್ಬಿಬ್ಬಾದ. ಪಾಪ, ಅವನೂ ಯಾವುದೋ ಹಳ್ಳಿಯವನೇ, ಟಾರ್ಗೆಟ್ಟಿಗೆ ದುಡಿಯುವವನು. ಆ ಹಾಳೆಯ ಹೆಸರನ್ನೇ ಅವನು ಕೇಳಿರಲಿಲ್ಲ. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತ ಅದರ ಹೆಸರು, ನೆನಪಿಟ್ಟುಕೊಳ್ಳಿ.

ನಾವು ಎದ್ದು ಬಂದೆವು. ಗಾಡಿಗೆ ಐದು ಸಾವಿರ ಟೋಕನ್ ಕೊಟ್ಟು ರಸೀದಿ ಬರೆಸಿಕೊಂಡು ಇನ್ನೊಂದು ಕಡೆ ಸಾಲ ಕೇಳಿದೆವು. ಅಲ್ಲಿ ಹದಿನಾಲ್ಕು ಪರ್ಸೆಂಟು ಅಂದರು. ಹುಡುಗ ಹೌಹಾರಿದ. "ಹತ್ತು ಬುಟ್ಟು ಹದಿನಾಲ್ಕಕ್ಕೆ ಕರ್ಕೊಂಡು ಬಂದ್ರಲ್ಲ ಮೇಷ್ಟ್ರೆ!" ಆದರೆ ಇದು ಉಳಿದ ಅಸಲಿಗೆ ಮಾತ್ರ ಬಡ್ಡಿ. ಕಂತು 10,930, ನಾಲ್ಕು ವರ್ಷದ ಬಡ್ಡಿ ಒಂದು ಲಕ್ಷದ 25 ಸಾವಿರದೊಳಗೆ. ಹತ್ತಕ್ಕಿಂತ ಹದಿನಾಲ್ಕು 35 ಸಾವಿರ ಅಗ್ಗ. ಇದನ್ನು ಅವನಿಗೆ ಒಪ್ಪಿಸಲು ಎರಡು ಟೀ ಬೇಕಾದವು.

ಸಬ್ಸಿಡಿ ಇಲ್ಲವೇ ಅಂತ ನೀವು ಕೇಳಬಹುದು. ಇದೆ. 2023ರಲ್ಲಿ ಸರ್ಕಾರ ಸ್ವಾವಲಂಬಿ ಸಾರಥಿ ತಂದಿತು, ಪರಿಶಿಷ್ಟರಿಗೆ ಗಾಡಿ ಬೆಲೆಯ ನೂರಕ್ಕೆ 75, ಹೆಚ್ಚೆಂದರೆ 4 ಲಕ್ಷ. ಅರ್ಜಿಯ ಸಾಲು ಉದ್ದ, ಗುರಿ ಗಿಡ್ಡ. ಸಿಕ್ಕಿದ ಒಬ್ಬನ ಜೊತೆ ನಾವು ಒಂದು ಷೋರೂಮಿಗೆ ಹೋಗಿದ್ದೆವು. ಮುಂದಿನವನಿಗೆ ಕೊಟ್ಟ ರಿಯಾಯಿತಿ ಇವನಿಗೂ ಕೊಡಿ ಅಂದರೆ, "ಸರ್ಕಾರದ ದುಡ್ಡು ತಾನೆ, ನಿಂಗೇನು ಹೋಗೋದು?" ಅಂದರು. ಸಬ್ಸಿಡಿ ಹುಡುಗನ ಹೆಸರಿಗೆ ಬಂದು ಷೋರೂಮಿನ ಜೇಬಿಗೆ ಇಳಿಯುವುದು ಹೀಗೆ.

ಸಾಲ ಕಟ್ಟಲಾಗದೆ ಎಳೆದು ತಂದ ಗಾಡಿಗಳ ಯಾರ್ಡನ್ನೂ ನೋಡಿದ್ದೇವೆ. ಅಲ್ಲಿ ರೇಟು ಕಡಿಮೆ. ಒಂದು ಗಾಡಿಯ ಮುಂದಿನ ಗಾಜಿನ ಮೇಲೆ 'ಜೈ ಭೀಮ್' ಅಂತ ಅರ್ಧ ಕೆರೆದಿತ್ತು, ಇನ್ನರ್ಧ ಬ್ಲೇಡಿಗೆ ಬಂದಿರಲಿಲ್ಲ. ಡ್ಯಾಷ್‌ಬೋರ್ಡಿನಲ್ಲಿ ಯಾರದೋ ಮಗುವಿನ ಬಳೆ. ಸಾಲ ವಸೂಲಿಗೆ ಗೂಂಡಾಗಳನ್ನು ಬಿಟ್ಟು ಗಾಡಿ ಕಿತ್ತುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಹೇಳಿದೆ. ರಾತ್ರಿ ಹನ್ನೊಂದಕ್ಕೆ ರಸ್ತೆಯಲ್ಲಿ ಬೀಗ ಕಿತ್ತುಕೊಳ್ಳುವವನು ತೀರ್ಪು ಓದಿರುವುದಿಲ್ಲ. ಆ ಗಾಡಿ ಕೊಳ್ಳಬೇಡ ಅಂತ ನಾವು ಹುಡುಗನಿಗೆ ಹೇಳಲಿಲ್ಲ. ಅವನೇ ಬಳೆ ನೋಡಿ ಕೆಳಗಿಳಿದ.

ಕಾಗದದ ವಿಷಯ ಹೇಳಿ ಮುಗಿಸುತ್ತೇವೆ. ಸರ್ಕಾರ ಮಂಜೂರು ಮಾಡಿದ ಜಮೀನನ್ನು ಮದುವೆಗೋ ಕಾಯಿಲೆಗೋ ಬಿಡಿಗಾಸಿಗೆ ಬರೆದುಕೊಟ್ಟ ಕಥೆ ಬೆಂಗಳೂರಿನ ಸುತ್ತಲ ಕೇರಿಗಳಲ್ಲಿ ಎಷ್ಟೊಂದಿವೆ. ಅದನ್ನು ತಡೆಯಲೆಂದೇ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು, ತಡವಾಗಿ ಬಂದಿರಿ ಅನ್ನಿಸಿಕೊಳ್ಳಬಾರದೆಂದು 2023ರಲ್ಲಿ ಅದಕ್ಕೆ ತಿದ್ದುಪಡಿಯನ್ನೂ ಮಾಡಬೇಕಾಯಿತು. ಅಜ್ಜ ಒತ್ತಿದ್ದು ಖಾಲಿ ಪತ್ರದ ಮೇಲೆ ಹೆಬ್ಬೆಟ್ಟು. ಮೊಮ್ಮಗನ ಮುಂದೆ ಯಾರ್ಡಿನವನು ಇಡುವುದು ಖಾಲಿ ಫಾರಂ 29, ಫಾರಂ 30. "ಸೈನ್ ಮಾಡು, ನಾವು ತುಂಬ್ಕೋತೀವಿ." ಮಾರುವವನ ಸಹಿ ತಾರೀಖಿನ ಸಮೇತ ಮೊದಲು ಬೀಳಲಿ, ಸಾಲ ತೀರಿದ ಫಾರಂ 35 ಕೈಗೆ ಬರಲಿ, ಆಮೇಲೆ ಉಳಿದ ದುಡ್ಡು. ಹೆಸರು ಬದಲಾಗದೆ ಓಡಿಸಿ ಅಪಘಾತವಾದರೆ ಹೊಣೆ ಆರ್.ಸಿ.ಯಲ್ಲಿ ಹೆಸರಿದ್ದವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದನ್ನು ಹಳೇ ಓನರಿಗೆ ಓದಿ ಹೇಳಿದೆವು. ಅವರೂ ಹೆದರಿ ಮರುದಿನವೇ ಆರ್.ಟಿ.ಒ. ಆಫೀಸಿಗೆ ಬಂದರು. ದಲ್ಲಾಳಿಗೆ ಮಾತ್ರ ನಮ್ಮ ಮೇಲೆ ಇನ್ನೂ ಕೋಪ ಇದೆ.

ಹುಡುಗ ಈಗ ಪೀಣ್ಯ ಎರಡನೇ ಹಂತದಿಂದ ಬೊಮ್ಮಸಂದ್ರಕ್ಕೆ ಲೋಡು ಹೊಡೆಯುತ್ತಾನೆ. ಮೇಷ್ಟ್ರ ಹಾಳೆಯನ್ನು ಜೆರಾಕ್ಸ್ ಮಾಡಿಸಿ ಹೆಗ್ಗನಹಳ್ಳಿ, ಲಗ್ಗೆರೆಯ ಡ್ರೈವರುಗಳಿಗೆ ಹಂಚಿದ್ದಾನೆ. ಬರುವ ಭಾನುವಾರ ಇನ್ನೊಬ್ಬನಿಗೆ ಟಾಟಾ ಏಸ್ ನೋಡಬೇಕಂತೆ, ದಾಬಸ್‌ಪೇಟೆ ಕಡೆ. ಬೆಳಿಗ್ಗೆ ಏಳಕ್ಕೆ ಜಾಲಹಳ್ಳಿ ಕ್ರಾಸಿನಲ್ಲಿ ಸೇರುತ್ತೇವೆ.