ಕಟ್ಟಡಕ್ಕೆ ಪ್ರಶಸ್ತಿ

ಕಟ್ಟಡವೊಂದನ್ನು ಪ್ರಶಸ್ತಿಗೆ ಕಳುಹುವಾಗ ನಿಜವಾಗಿ ಹೋಗುವುದು ಕಟ್ಟಡವಲ್ಲ. ಅದರ ನಕ್ಷೆ, ಛಾಯಾಚಿತ್ರ, ಒಂದಿಷ್ಟು ವರ್ಣನೆ. ಚಿತ್ರದ ಮನೆ ಸೋರುವುದಿಲ್ಲ. ಅಲ್ಲಿ ಸೆಕೆಯೂ ಇಲ್ಲ. ಆದುದರಿಂದಲೇ 1977ರಲ್ಲಿ ಸ್ಥಾಪಿತವಾದ ಆಗಾಖಾನ್ ವಾಸ್ತುಶಿಲ್ಪ ಪ್ರಶಸ್ತಿಯ ಪದ್ಧತಿ ನನಗೆ ಮೆಚ್ಚುಗೆಯಾಗಿದೆ. ಆಯ್ದ ಕಟ್ಟಡಗಳಿರುವಲ್ಲಿಗೇ ಅದು ಪರೀಕ್ಷಕರನ್ನು ಕಳುಹುತ್ತದೆ.

2004ರಲ್ಲಿ ಆ ಗೌರವವು ಆಫ್ರಿಕದ ಬುರ್ಕಿನಾ ಫಾಸೋ ದೇಶದ ಗಾಂಡೋ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಗೆ ಸಂದಿತು. ಅದೇ ಊರಿನ ಫ್ರಾನ್ಸಿಸ್ ಕೆರೇ ಅವರು ಯೋಜಿಸಿದ ಶಾಲೆಯನ್ನು ಗ್ರಾಮಸ್ಥರೇ ಕೂಡಿ ಮಣ್ಣಿನ ಇಟ್ಟಿಗೆಗಳಿಂದ ಕಟ್ಟಿದರು. ತಗಡಿನ ಮಾಡನ್ನು ಒಳಛಾವಣಿಯಿಂದ ಮೇಲೆತ್ತಿ, ನಡುವೆ ಗಾಳಿಯಾಡುವಂತೆ ಮಾಡಿದ್ದಾರೆ. ಆ ತಂಪನ್ನು ಯಾವ ಚಿತ್ರ ತೋರಿಸೀತು? ಒಳಗೆ ಕುಳಿತು ಓದುವ ಮಗುವೇ ಹೇಳಬೇಕು.

ಸ್ಪರ್ಧೆಗೆ ಹೊರಟ ನಮ್ಮ ತರುಣ ಶಿಲ್ಪಿಗಳು ಮೊದಲು ಅಂತಹ ಮಗುವಿನ ಮಾತನ್ನು ಕೇಳಲಿ.