ಎಲ್ಲಿ ಹೋಯಿತು ಭಾನುವಾರ?

ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ನನ್ನ ಮೊಮ್ಮಗನಿಗೆ 8 ವರ್ಷ. ಪ್ರತಿ ಭಾನುವಾರ ತಪ್ಪದೆ ಫೋನ್ ಮಾಡುತ್ತಾನೆ. ಹೋದ ಚಳಿಗಾಲದಲ್ಲಿ ನಾನು ಅಲ್ಲಿಗೆ ಹೊರಟಾಗ ಟಿಕೆಟ್ ನೋಡಿ ಕುಣಿದಾಡಿದ.

"ತಾತಾ, ಮಧ್ಯಾಹ್ನ 2ಕ್ಕೆ ಬೆಂಗಳೂರು ಬಿಟ್ಟು ಅದೇ ಸಂಜೆ 5.30ಕ್ಕೆ ಇಲ್ಲಿರ್ತೀಯ. ಮೂರೂವರೆ ಗಂಟೆ ಅಷ್ಟೇ! ಪ್ರತಿ ಭಾನುವಾರ ಬರಬಹುದಲ್ವಾ?"

ಮೂರೂವರೆ ಗಂಟೆ ಅಂದರೆ ಬಸ್ಸಿನಲ್ಲಿ ಮೈಸೂರಿಗೆ ಹೋಗುವಷ್ಟು ಹೊತ್ತು. ಆದರೆ ವಿಮಾನದಲ್ಲಿ ನಾನು ಕೂತದ್ದು 17 ಗಂಟೆ! ಎರಡು ಊಟವಾಯಿತು, ಎರಡು ನಿದ್ದೆಯಾಯಿತು, ಕಾಲು ಊದಿಕೊಂಡಿತು. ಎದುರಿನ ಪರದೆಯಲ್ಲಿ ಮಾತ್ರ ಇನ್ನೂ ಸಾವಿರಾರು ಕಿಲೋಮೀಟರ್ ಬಾಕಿ.

ಮನೆ ತಲುಪಿದ ಮರುದಿನ ಮೊಮ್ಮಗನ ಭೂಗೋಳವನ್ನೂ ಮಗಳ ಹೊಲಿಗೆ ಡಬ್ಬಿಯ ದಾರವನ್ನೂ ತೆಗೆದುಕೊಂಡು ಕೂತೆವು. ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದರೆ ಅದು ತುಂಬಾ ಉತ್ತರಕ್ಕೆ ಏರಿ ಆರ್ಕ್ಟಿಕ್ ಪ್ರದೇಶದ ಮೇಲೆ ಹಾಯುತ್ತದೆ! ಗೋಡೆಯ ನಕ್ಷೆಯಲ್ಲಿ ಇದು ಗೊತ್ತಾಗುವುದಿಲ್ಲ. ಮಕ್ಕಳೇ, ನೀವೂ ಮಾಡಿ ನೋಡಿ. ಈ ದೂರ ಸುಮಾರು 14,000 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ದೆಹಲಿಗಿರುವ ವಿಮಾನದ ದಾರಿಯ ಎಂಟರಷ್ಟು. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಅಲ್ಲಿಂದ ಬೆಂಗಳೂರಿಗೆ ಧ್ರುವದ ದಾರಿಯಲ್ಲಿ ತಂದವರು ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು. ಗಾಳಿ ನೋಡಿಕೊಂಡು ವಿಮಾನದ ದಾರಿ ಬದಲಾಗುವುದೂ ಉಂಟು.

"ಹಾಗಾದರೆ ಮೂರೂವರೆ ಗಂಟೆ ಸುಳ್ಳಾ?" ಎಂದ.

ಸುಳ್ಳಲ್ಲ. ಭೂಮಿ ತಿರುಗುವುದರಿಂದ ಸೂರ್ಯ ನಮ್ಮಲ್ಲಿ ಮೊದಲು ಮೂಡುತ್ತಾನೆ, ಅವರಲ್ಲಿ ಆಮೇಲೆ. ಚಳಿಗಾಲದಲ್ಲಿ ಅವರ ಗಡಿಯಾರ ನಮಗಿಂತ 13.30 ಗಂಟೆ ಹಿಂದೆ. 17 ಗಂಟೆಯಲ್ಲಿ ಅಷ್ಟನ್ನು ಕಳೆದರೆ ಉಳಿಯುವುದು ಮೂರೂವರೆ. "ಇದು ಸಾಲ ಕಣೋ. ವಾಪಸು ಹೋಗುವಾಗ ತೀರಿಸಬೇಕು," ಎಂದೆ. ಬ್ಯಾಂಕಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಲೆಡ್ಜರ್ ಬರೆದವನು ಇನ್ನು ಹೇಗೆ ಹೇಳಲಿ?

ತೀರಿಸಿದೆ. ಶನಿವಾರ ರಾತ್ರಿ 8.30ಕ್ಕೆ ಅಲ್ಲಿಂದ ಹೊರಟೆ. ಮತ್ತೆ 17 ಗಂಟೆ ಹಾರಾಟ. ಬೆಂಗಳೂರಿನಲ್ಲಿ ಇಳಿದಾಗ ಸೋಮವಾರ ಬೆಳಗಿನ ಜಾವ 3 ಗಂಟೆ. ಗಡಿಯಾರದ ಪ್ರಕಾರ 30.30 ಗಂಟೆ! ಹೋಗುವಾಗಿನ 3.30 ಕೂಡಿಸಿದರೆ 34, ಎರಡು 17ಕ್ಕೆ ಸರಿಯಾಯಿತು. ಲೆಕ್ಕವೇನೋ ತಾಳೆಯಾಯಿತು. ಆದರೆ ನನ್ನ ಭಾನುವಾರ ಆಕಾಶದಲ್ಲೇ ಕರಗಿಹೋಗಿತ್ತು. ಈ ವಾರ ಮೊಮ್ಮಗನ ಫೋನೂ ತಪ್ಪಿತಲ್ಲ ಎಂದು ಮನಸ್ಸು ಮಂಕಾಯಿತು. ಇನ್ನು ಅವನನ್ನು ನೋಡುವುದು ಯಾವಾಗಲೋ.

ಪೆಟ್ಟಿಗೆಗಾಗಿ ಕಾಯುತ್ತಾ ನಿಂತಿದ್ದಾಗ ಜೇಬಿನಲ್ಲಿ ಫೋನ್ ಸದ್ದಾಯಿತು.

"ತಾತಾ, ಇಲ್ಲಿ ಈಗ ಮಧ್ಯಾಹ್ನ ಒಂದೂವರೆ. ನಿನ್ನ ಭಾನುವಾರ ಎಲ್ಲೂ ಹೋಗಿಲ್ಲ. ನನ್ನ ಹತ್ತಿರಾನೇ ಇದೆ!"